ಕಿರುಸಂದೇಶದ ಮೇಲೆ ಕರ

ಸರ್ಕಾರಗಳು ವಿಧಿಸುವ ಕರಗಳಲ್ಲಿ ಕೆಲವನ್ನು ಜನರು ಗೊಣಗುತ್ತಲಾದರೂ ತೆರುತ್ತಾರೆ. ಕೆಲವನ್ನು ತಾವು ತೆರುತ್ತಿರುವೆವೆಂಬ ಅರಿವೇ ಅವರಿಗೆ ಇರುವುದಿಲ್ಲ. ಇನ್ನು ಕೆಲವು ಕರಗಳ ಸುದ್ದಿ ಕಿವಿಗೆ ಬಿದ್ದೊಡನೆಯೇ ಬೀದಿಗಿಳಿಯುತ್ತಾರೆ. ಯಾವ ಕರಕ್ಕೆ ಯಾವ ಗತಿ ಒದಗುವುದೆಂಬುದನ್ನು ಅದರ ಮೊತ್ತವೇ ನಿರ್ಧರಿಸುತ್ತದೆ, ಹೆಚ್ಚು ಕರಕ್ಕೆ ಹೆಚ್ಚು ವಿರೋಧ, ಅಲ್ಪ ಕರಕ್ಕೆ ಅಲ್ಪ ವಿರೋಧ ಎಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಇತಿಹಾಸವು ಈ ಊಹೆಯನ್ನು ಸಮರ್ಥಿಸುವುದಿಲ್ಲ. ಉಪ್ಪಿನ ಮೇಲಿನ ಕರವು ಒಂದು ಸಂಸಾರದ ಖರ್ಚಿನಲ್ಲಿ ಅಲ್ಪ ಭಾಗವಾಗಿದ್ದಿತು. ಆದರೂ 1930ರಲ್ಲಿ ದಂಡಿಯಲ್ಲಿಯೂ ನಮ್ಮ ಅಂಕೋಲೆಯಲ್ಲಿಯೂ ಜನರು ಆ ಕಾನೂನನ್ನು ಮುರಿಯಲು ಮುಂದಾದರು.

ಉಪ್ಪಿನಂತೆಯೇ ಎಲ್ಲರಿಗೂ ಬೇಕಾದ, ಬೆಲೆಯಲ್ಲಿ ಅಗ್ಗವಾದ, ದಿನಕ್ಕೆ ಹಲವು ಬಾರಿ ಬಳಕೆಗೆ ಬರುವ ವಸ್ತುವೊಂದನ್ನು ವಿಜ್ಞಾನವು ನಮ್ಮ ಕಾಲದಲ್ಲಿ ಸೃಷ್ಟಿಸಿಕೊಟ್ಟಿತು. ಮೊಬೈಲ್ ದೂರವಾಣಿಯ ಕಿರುಸಂದೇಶ, ಅಂದರೆ ಎಸ್‌ಎಂಎಸ್, ಎಂಬುದೇ ಅದು. ಇದರ ಮೇಲೆ ಕರ ವಿಧಿಸಬೇಕೆಂಬ ಸೂಚನೆಯು ಬೇರೆ ಬೇರೆ ದೇಶಗಳಲ್ಲಿ ಬಂದಿತು. ಫ್ರಾನ್ಸಿನ ಅಲೆನ್ ಲಾಮಸೂರ್ ಎಂಬ ಯುರೋಪಿಯನ್ ಸಂಸತ್ತಿನ ಸದಸ್ಯರು 2006ರಲ್ಲಿ, ಒಂದು ಸಂದೇಶಕ್ಕೆ ಸುಮಾರು ಒಂದೂವರೆ ಸೆಂಟಿನಂತೆ ಕರ ಹಾಕಿ ಯುರೋಪಿಯನ್ ಒಕ್ಕೂಟದ ಬೊಕ್ಕಸಕ್ಕೆ ಆದಾಯ ತರಬಹುದೆಂದು ಸೂಚಿಸಿದರು. ಫಿಲಿಪೈನ್ಸ್ ದೇಶದಲ್ಲಿ ಈ ವಿಚಾರ ಹಲವು ಬಾರಿ ತಲೆಯೆತ್ತಿ, 2009ರಲ್ಲಿ ವಿಧೇಯಕದ ರೂಪವನ್ನೇ ತಾಳಿತು. ಅಲ್ಲಿ ಸೂಚಿತವಾಗಿದ್ದ ಕರವು ಒಂದು ಸಂದೇಶಕ್ಕೆ ಕೇವಲ 5 ಸೆಂಟಾವೊ. ಅಂದರೆ ಒಂದು ಪೆಸೊವಿನ ಇಪ್ಪತ್ತನೆಯ ಒಂದು ಭಾಗ. ಇಷ್ಟು ಸಣ್ಣ ಕರಕ್ಕೆ ಅಷ್ಟು ದೊಡ್ಡ ಪ್ರತಿಭಟನೆ ಏಕೆ ಹುಟ್ಟಿತು? ಈ ಪ್ರಶ್ನೆಗೆ ಉತ್ತರವನ್ನು ಅರ್ಥಶಾಸ್ತ್ರದಲ್ಲಿ ಮಾತ್ರವಲ್ಲದೆ ಭೌತವಿಜ್ಞಾನದಲ್ಲಿಯೂ ಅರಸಬೇಕಾಗುತ್ತದೆ. ಏಕೆಂದರೆ ಅಳತೆಯ ಮಾನ ಯಾವುದು ಎಂಬ ಪ್ರಶ್ನೆ ಇದರ ಬುಡದಲ್ಲಿದೆ.

ಸಂದೇಶದ ತೂಕ

ಕರ ಹಾಕುವ ಮೊದಲು ವಸ್ತುವನ್ನು ತೂಗಬೇಕಷ್ಟೆ. ಕಿರುಸಂದೇಶದ ತೂಕವೆಷ್ಟು?

ಜಿಎಸ್‌ಎಂ ಎಂದು ಹೆಸರಾದ ಮೊಬೈಲ್ ಪದ್ಧತಿಯನ್ನು ಯುರೋಪಿನ ತಜ್ಞರು 1980ರ ದಶಕದಲ್ಲಿ ರೂಪಿಸುತ್ತಿದ್ದರು. ಈ ಪದ್ಧತಿಯಲ್ಲಿ ನಮ್ಮ ಕೈಯಲ್ಲಿರುವ ದೂರವಾಣಿಗೂ ಊರಿನ ಗೋಪುರಕ್ಕೂ ನಡುವೆ, ನಾವು ಆಡುವ ಮಾತಲ್ಲದೆ ಬೇರೊಂದು ಬಗೆಯ ಸಂಭಾಷಣೆಯೂ ನಡೆಯುತ್ತಿರಬೇಕು. ‘ನಾನು ಈ ಪ್ರದೇಶದಲ್ಲಿದ್ದೇನೆ’ ಎಂದು ದೂರವಾಣಿ ತಿಳಿಸಬೇಕು; ‘ನಿನಗೊಂದು ಕರೆ ಬಂದಿದೆ’ ಎಂದು ಗೋಪುರ ತಿಳಿಸಬೇಕು. ಇಂತಹ ಸಂಕೇತಗಳಿಗಾಗಿ ಮಾತಿನ ಮಾರ್ಗದಿಂದ ಪ್ರತ್ಯೇಕವಾದ ಒಂದು ಸಂಕೇತಮಾರ್ಗವನ್ನು ಏರ್ಪಡಿಸಲಾಯಿತು. ಈ ಮಾರ್ಗವು ಸದಾ ಕಾಲವೂ ತುಂಬಿರುವುದಿಲ್ಲ. ಖಾಲಿ ಇರುವ ಹೊತ್ತಿನಲ್ಲಿ ಅದರ ಮೂಲಕ ಚಿಕ್ಕದೊಂದು ಬರಹವನ್ನು ಏಕೆ ಕಳುಹಿಸಬಾರದು? ಇದೇ ಕಿರುಸಂದೇಶದ ಮೂಲ ಕಲ್ಪನೆ. ನಮ್ಮ ಹಳ್ಳಿಗಳಲ್ಲಿ ಪಟ್ಟಣಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಒಂದು ಚೀಟಿ ಕೊಟ್ಟು, ಅಂಗಡಿಯವರಿಗೆ ತಲುಪಿಸುವಂತೆ ಹೇಳುವ ವಾಡಿಕೆಯುಂಟು. ಬಸ್ಸು ಹೇಗೂ ಹೋಗುತ್ತದೆ. ಚೀಟಿಯಿಂದ ಅದರ ಭಾರ ಹೆಚ್ಚುವುದಿಲ್ಲ. ಕಿರುಸಂದೇಶವೂ ಹಾಗೆಯೇ.

ಕಂಡಕ್ಟರನ ಜೇಬಿನಲ್ಲಿ ದೊಡ್ಡ ಕಟ್ಟನ್ನು ಇಡಲಾಗದು. ಸಂಕೇತಮಾರ್ಗದಲ್ಲಿ ಒಂದು ಸಂದೇಶಕ್ಕೆ ದೊರೆತ ಜಾಗವೂ ಸೀಮಿತವಾದುದು: 140 ಬೈಟ್. ಒಂದು ಬೈಟ್ ಎಂದರೆ ಎಂಟು ಬಿಟ್. ಒಂದು ಬಿಟ್ ಎಂದರೆ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದೇ ಉತ್ತರವನ್ನು ಬರೆಯಲು ಬೇಕಾಗುವ ಜಾಗ. ಅಂದಮೇಲೆ ಒಂದು ಸಂದೇಶಕ್ಕೆ ಒಟ್ಟು 1,120 ಬಿಟ್ ದೊರೆತಂತಾಯಿತು. ರೋಮನ್ ಅಕ್ಷರವೊಂದನ್ನು ಏಳು ಬಿಟ್‌ಗಳಲ್ಲಿ ಬರೆಯಬಹುದು. 1,120ನ್ನು 7ರಿಂದ ಭಾಗಿಸಿದರೆ 160. ಕಿರುಸಂದೇಶದಲ್ಲಿ 160 ಅಕ್ಷರಗಳೆಂಬ ಪ್ರಸಿದ್ಧ ಮಿತಿಗೆ ಇದೇ ಲೆಕ್ಕ ಆಧಾರ. ಸಾಮಾನ್ಯ ಜನರು ಬರೆಯುವ ವಾಕ್ಯಗಳೂ ಅಂಚೆಕಾರ್ಡುಗಳೂ ಬಹುಮಟ್ಟಿಗೆ ಈ ಮಿತಿಯೊಳಗೇ ಇರುತ್ತವೆಂದು ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರ ಸುಮಾರಿಗೆ ಎಣಿಸಿ ಕಂಡುಕೊಂಡಿದ್ದರು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವಕ ಇಂಜಿನಿಯರು ಕ್ರಿಸ್‌ಮಸ್ ಶುಭಾಶಯವನ್ನು ಹೊತ್ತ ಮೊದಲ ಸಂದೇಶವನ್ನು ಕಳುಹಿಸಿದರು.

ಈಗ ಮಾತಿನ ತೂಕವನ್ನು ನೋಡೋಣ. ಅದೇ ಜಿಎಸ್‌ಎಂ ಪದ್ಧತಿಯ ಮೂಲ ಏರ್ಪಾಡಿನಲ್ಲಿ ಮಾತನ್ನು ಬಿಟ್‌ಗಳಾಗಿ ಪರಿವರ್ತಿಸಿದಾಗ ಪ್ರತಿ ಸೆಕೆಂಡಿಗೆ 13,000 ಬಿಟ್ ಬೇಕಾಗುತ್ತದೆ. ಒಂದು ನಿಮಿಷಕ್ಕೆ 7,80,000 ಬಿಟ್. ಇದನ್ನು 1,120ರಿಂದ ಭಾಗಿಸಿದರೆ ಸುಮಾರು 696 ಬರುತ್ತದೆ. ಎಂದರೆ, ಒಂದು ನಿಮಿಷದ ಮಾತು ಸುಮಾರು ಏಳುನೂರು ಸಂದೇಶಗಳಷ್ಟು ತೂಗುತ್ತದೆ! ನಾವು ಒಂದು ಬಾರಿ ‘ಹಲೋ’ ಎನ್ನುವಷ್ಟರಲ್ಲಿ ಹಲವು ಸಂದೇಶಗಳಿಗೆ ಬೇಕಾದ ಬಿಟ್‌ಗಳು ಆಕಾಶದಲ್ಲಿ ಹರಿದುಹೋಗಿರುತ್ತವೆ.

ಇದರಿಂದ ಸಂದೇಶವನ್ನು ಸಾಗಿಸಲು ಖರ್ಚೇ ಇಲ್ಲವೆಂದು ತಿಳಿಯಬಾರದು. ಸಂದೇಶವು ನೇರವಾಗಿ ಸ್ನೇಹಿತನ ದೂರವಾಣಿಗೆ ಹಾರುವುದಿಲ್ಲ. ಅದು ಮೊದಲು ಸಂದೇಶಕೇಂದ್ರವೊಂದಕ್ಕೆ ಹೋಗಿ ನಿಲ್ಲುತ್ತದೆ. ಪಡೆಯತಕ್ಕವನು ಎಲ್ಲಿದ್ದಾನೆಂದು ಆ ಕೇಂದ್ರವು ವಿಚಾರಿಸಿಕೊಂಡು, ಅವನ ದೂರವಾಣಿ ಮುಚ್ಚಿದ್ದರೆ ಕಾದಿದ್ದು, ತೆರೆದಾಗ ತಲುಪಿಸುತ್ತದೆ. ಈ ಕೇಂದ್ರಕ್ಕೂ ಲೆಕ್ಕ ಬರೆಯುವ ಯಂತ್ರಗಳಿಗೂ ಖರ್ಚುಂಟು. ಹೊಸ ವರ್ಷದ ನಡುರಾತ್ರಿಯಂತಹ ವೇಳೆಯಲ್ಲಿ ಸಂಕೇತಮಾರ್ಗವೂ ಇಕ್ಕಟ್ಟಾಗುತ್ತದೆ. ಆದರೆ ಮಾತಿನೊಡನೆ ಹೋಲಿಸಿದಲ್ಲಿ ಸಂದೇಶದ ಹೊರೆ ಅತ್ಯಲ್ಪವೆಂಬುದರಲ್ಲಿ ಸಂದೇಹವಿಲ್ಲ.

ಫಿಲಿಪೈನ್ಸಿನ ಐದು ಸೆಂಟಾವೊ

ಅನೇಕ ದ್ವೀಪಗಳಲ್ಲಿ ಹಂಚಿಹೋಗಿರುವ ಫಿಲಿಪೈನ್ಸಿನಲ್ಲಿ ಮನೆಯ ದೂರವಾಣಿ ಬಹುಕಾಲದವರೆಗೆ ಎಲ್ಲರಿಗೂ ಎಟಕುವ ವಸ್ತುವಾಗಿರಲಿಲ್ಲ. 1990ರ ದಶಕದಲ್ಲಿ ಮೊಬೈಲ್ ದೂರವಾಣಿ ಬಂದಾಗ, ಮೊದಲ ವರ್ಷಗಳಲ್ಲಿ ಕಿರುಸಂದೇಶವು ಉಚಿತವಾಗಿದ್ದಿತು, ಮಾತು ದುಬಾರಿಯಾಗಿದ್ದಿತು. ಹೀಗಾಗಿ ಜನರು ಸಂದೇಶವನ್ನೇ ಮೆಚ್ಚಿ ಅಪ್ಪಿಕೊಂಡರು. ಮುಂದೆ ಸಂದೇಶಕ್ಕೆ ಒಂದು ಪೆಸೊವಿನಂತೆ ದರ ಬಂದರೂ ಆ ಅಭ್ಯಾಸ ಬಿಡಲಿಲ್ಲ. ಗ್ರಾಹಕರಲ್ಲಿ ಬಹುಪಾಲು ಮಂದಿ ತಿಂಗಳ ಬಿಲ್ಲು ಕಟ್ಟುವವರಲ್ಲ. ಕೈಯಲ್ಲಿ ಕಾಸಿದ್ದಾಗ ಅಂಗಡಿಗೆ ಹೋಗಿ ಮುಂಗಡವಾಗಿ ಅಷ್ಟಿಷ್ಟು ಹಣ ತುಂಬಿಸಿಕೊಳ್ಳುವವರು. ‘ಲೋಡ್’ ಎಂದು ಕರೆಯಲಾಗುವ ಈ ಮುಂಗಡ ಹಣವನ್ನು ಒಬ್ಬರು ಇನ್ನೊಬ್ಬರಿಗೆ ದೂರವಾಣಿಯ ಮೂಲಕವೇ ವರ್ಗಾಯಿಸುವ ಅನುಕೂಲವೂ ಬಂದಿತು. ಮನಿಲಾ ನಗರದ ಕೂಲಿಗಾರನಿಗೂ ದೂರದ ದ್ವೀಪದಲ್ಲಿದ್ದ ಅವನ ತಾಯಿಗೂ ಸಂದೇಶವೇ ಸೇತುವೆಯಾಯಿತು. ಜಗತ್ತಿನ ಸಂದೇಶ ರಾಜಧಾನಿಯೆಂಬ ಹೆಸರು ಆ ದೇಶಕ್ಕೆ ಬಂದುದು ಹೀಗೆ.

2001ರಲ್ಲಿ ಸಂದೇಶಕ್ಕೆ ಇನ್ನೊಂದು ಮಹತ್ತ್ವ ಪ್ರಾಪ್ತವಾಯಿತು. ಅಧ್ಯಕ್ಷ ಜೋಸೆಫ್ ಎಸ್ಟ್ರಾಡಾ ಅವರ ಮೇಲಿನ ಭ್ರಷ್ಟಾಚಾರದ ಆರೋಪಗಳನ್ನು ಸೆನೆಟ್ ಸಭೆಯು ವಿಚಾರಣೆ ಮಾಡುತ್ತಿದ್ದಿತು. ಜನವರಿ 16ರಂದು, ಮುಖ್ಯ ಸಾಕ್ಷ್ಯವನ್ನು ಒಳಗೊಂಡಿದೆಯೆನ್ನಲಾದ ಲಕೋಟೆಯೊಂದನ್ನು ತೆರೆಯಕೂಡದೆಂದು ಸೆನೆಟರುಗಳು 11ಕ್ಕೆ 10 ಮತಗಳಿಂದ ತೀರ್ಮಾನಿಸಿದರು. ಅಂದು ರಾತ್ರಿಯೇ ಎಡ್ಸಾ ಎಂಬ ಹೆದ್ದಾರಿಗೆ ಬನ್ನಿರೆಂಬ ಸಂದೇಶಗಳು ಕೈಯಿಂದ ಕೈಗೆ ಹರಡಿದವು. ಜನಸಾಗರವು ಅಲ್ಲಿ ನೆರೆಯಿತು. ಸೈನ್ಯವೂ ಬೆಂಬಲವನ್ನು ಹಿಂತೆಗೆದುಕೊಂಡ ಮೇಲೆ, ಜನವರಿ 20ರಂದು ಎಸ್ಟ್ರಾಡಾ ಅರಮನೆಯನ್ನು ಬಿಟ್ಟು ಹೊರಟರು. ಗ್ಲೋರಿಯಾ ಮಕಪಗಾಲ್ ಅರೊಯೊ ಅಧ್ಯಕ್ಷರಾದರು. ಆ ಚಳವಳಿಗೆ ಸಂದೇಶವೊಂದೇ ಕಾರಣವಲ್ಲ. ಆದರೆ ತಮ್ಮ ಕೈಯ ಪುಟ್ಟ ಯಂತ್ರವು ರಾಜಕೀಯ ಶಕ್ತಿಯೂ ಹೌದೆಂದು ಜನರು ಅಂದು ಕಂಡುಕೊಂಡರು.

ಅದೇ ವರ್ಷ ಕಂಪೆನಿಗಳು ಉಚಿತ ಸಂದೇಶಗಳ ಸಂಖ್ಯೆಯನ್ನು ಕಡಿಮೆಮಾಡಿದಾಗ, ಗ್ರಾಹಕರು ಟೆಕ್ಸ್ಟ್‌ಪವರ್ ಎಂಬ ಸಂಘವನ್ನೇ ಕಟ್ಟಿದರು. ಮುಂದೆ ಕರದ ಸೂಚನೆಗಳು ಬಂದಾಗ ಎದುರುನಿಂತವರಲ್ಲಿ ಈ ಸಂಘವೂ ಒಂದು. ಸಂದೇಶಗಳ ನೆರವಿನಿಂದ ಅಧಿಕಾರಕ್ಕೆ ಬಂದ ಅಧ್ಯಕ್ಷರ ಆಳ್ವಿಕೆಯಲ್ಲಿಯೇ ಸಂದೇಶಗಳ ಮೇಲೆ ಕರ ಹಾಕುವ ಮಾತು ಬಂದುದು ಜನರಿಗೆ ವಿಪರ್ಯಾಸವಾಗಿ ತೋರಿತು.

ಕರವನ್ನು ಸೂಚಿಸಿದವರ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಬಡ ದೇಶಗಳಲ್ಲಿ ಆದಾಯ ತೆರಿಗೆಯ ವ್ಯಾಪ್ತಿಗೆ ಸಿಕ್ಕುವವರು ಕೆಲವರು, ತಪ್ಪಿಸಿಕೊಳ್ಳುವವರು ಹಲವರು. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಮಾತ್ರ ಹಣ ಬೇಕೇ ಬೇಕು. ಸಂದೇಶಗಳ ಲೆಕ್ಕವನ್ನಾದರೋ ಕೆಲವೇ ಕಂಪೆನಿಗಳ ಯಂತ್ರಗಳು ತಾವಾಗಿಯೇ ಬರೆದಿಡುತ್ತವೆ. ದಿನಕ್ಕೆ 10 ಕೋಟಿ ಸಂದೇಶಗಳೆಂದು ಕಲ್ಪಿಸಿಕೊಂಡರೂ ಐದು ಸೆಂಟಾವೊವಿನಂತೆ ದಿನವೊಂದಕ್ಕೆ 50 ಲಕ್ಷ ಪೆಸೊ, ವರ್ಷಕ್ಕೆ 182 ಕೋಟಿ 50 ಲಕ್ಷ ಪೆಸೊ ಬಂದಂತಾಯಿತು. ವಾಸ್ತವದಲ್ಲಿ ಹರಿಯುತ್ತಿದ್ದ ಸಂದೇಶಗಳು ಇದಕ್ಕಿಂತಲೂ ಬಹಳ ಹೆಚ್ಚು. ಯಾವ ಅರ್ಥಮಂತ್ರಿಯ ಬಾಯಲ್ಲಿ ತಾನೆ ನೀರೂರದು?

ಆದರೆ ನಾವು ಮೇಲೆ ಕಂಡುಕೊಂಡ ತೂಕವನ್ನು ಇಲ್ಲಿ ಅನ್ವಯಿಸಿ ನೋಡೋಣ. 1,120 ಬಿಟ್‌ಗಳಿಗೆ 5 ಸೆಂಟಾವೊ ಎಂಬುದೇ ನ್ಯಾಯವಾದ ದರವಾದರೆ, ಒಂದು ನಿಮಿಷದ ಮಾತಿಗೆ ಸುಮಾರು 35 ಪೆಸೊ ಕರ ಬೀಳಬೇಕಾಗುತ್ತದೆ! ಮಾತಿನ ಮೇಲೆ ಅಂತಹ ಕರವನ್ನು ಯಾರೂ ಊಹಿಸಲಾರರು. ದರವೂ ಎಲ್ಲರಿಗೆ ಒಂದೇ ಸಮನಾಗಿ ತಾಗುವುದಿಲ್ಲ. ಒಂದು ಪೆಸೊ ಕೊಟ್ಟು ಒಂದು ಸಂದೇಶ ಕಳುಹಿಸುವವನಿಗೆ ಐದು ಸೆಂಟಾವೊ ಎಂಬುದು ಶೇಕಡಾ ಐದು. ಒಂದು ದಿನಕ್ಕೆ 20 ಪೆಸೊ ಕೊಟ್ಟು ಎಷ್ಟು ಬೇಕಾದರೂ ಸಂದೇಶ ಕಳುಹಿಸುವ ಸೌಲಭ್ಯ ಪಡೆದವನೊಬ್ಬನು ಆ ದಿನ 200 ಸಂದೇಶ ಕಳುಹಿಸಿದನೆನ್ನೋಣ. ಕರ 10 ಪೆಸೊ ಆಗುತ್ತದೆ. ಅಂದರೆ ಅವನು ಕೊಟ್ಟ ಬೆಲೆಯ ಅರ್ಧದಷ್ಟು. ದುಬಾರಿಯಾಗಿ ಬಳಸುವವನಿಗೆ ಹಗುರ, ಅಗ್ಗವಾಗಿ ಬಳಸುವವನಿಗೆ ಭಾರ. ಎಣಿಕೆಗೆ ತಕ್ಕಂತೆ ಬೀಳುವ ಕರಕ್ಕೂ ಬೆಲೆಗೆ ತಕ್ಕಂತೆ ಬೀಳುವ ಕರಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹೊರುವವರು ಯಾರು?

ಈ ಕರವನ್ನು ಕಂಪೆನಿಗಳೇ ಭರಿಸಬೇಕು, ಗ್ರಾಹಕರ ಮೇಲೆ ಹೊರಿಸಕೂಡದು ಎಂಬುದು ವಿಧೇಯಕದ ಬೆಂಬಲಿಗರ ಸಮಾಧಾನವಾಗಿದ್ದಿತು. ಜನರು ಇದನ್ನು ನಂಬಲಿಲ್ಲ. ಅರ್ಥಶಾಸ್ತ್ರವೂ ಇಲ್ಲಿ ಜನರ ಪಕ್ಷವನ್ನೇ ವಹಿಸುತ್ತದೆ. ಕರದ ರಸೀತಿ ಯಾರ ಹೆಸರಿನಲ್ಲಿದೆಯೆಂಬುದು ಬೇರೆ. ಅದರ ಭಾರ ಕೊನೆಗೆ ಯಾರ ಹೆಗಲ ಮೇಲೆ ನಿಲ್ಲುವುದೆಂಬುದು ಬೇರೆ. ವಸ್ತುವಿಲ್ಲದೆ ಇರಲಾರದವನು ಕೊಳ್ಳುವವನಾದರೆ ಭಾರ ಅವನ ಕಡೆಗೆ ಜಾರುತ್ತದೆ. ದರವನ್ನು ನೇರವಾಗಿ ಏರಿಸದಿದ್ದರೂ ಉಚಿತ ಸಂದೇಶಗಳನ್ನು ಕಡಿಮೆಮಾಡುವುದು, ಸೌಲಭ್ಯದ ಅವಧಿಯನ್ನು ಮೊಟಕುಗೊಳಿಸುವುದು ಮುಂತಾದ ದಾರಿಗಳು ಕಂಪೆನಿಗೆ ತೆರೆದೇ ಇರುತ್ತವೆ. 2001ರ ಅನುಭವವು ಫಿಲಿಪಿನೊ ಗ್ರಾಹಕರಿಗೆ ಮರೆತಿರಲಿಲ್ಲ. ಸಾಲದುದಕ್ಕೆ, ತಾವು ತುಂಬಿಸಿದ ಮುಂಗಡ ಹಣವು ಕಾರಣವಿಲ್ಲದೆ ಕರಗಿಹೋಗುತ್ತಿದೆಯೆಂಬ ದೂರುಗಳು ಎದ್ದು, 2009ರಲ್ಲಿಯೇ ಸೆನೆಟ್ ಸಭೆಯು ಅದರ ವಿಚಾರಣೆಗೆ ಕೈಹಾಕಿದ್ದಿತು. ಎಣಿಸುವವನ ಮೇಲೆಯೇ ನಂಬಿಕೆ ಇಲ್ಲದಿರುವಾಗ ಎಣಿಕೆಯ ಮೇಲೆ ನಿಂತ ಕರವನ್ನು ಯಾರು ಒಪ್ಪುವರು?

ಕಂಪೆನಿಗಳೂ ಗ್ರಾಹಕರೂ ಒಂದೇ ಸ್ವರದಲ್ಲಿ ವಿರೋಧಿಸಿದುದು ಈ ಪ್ರಸಂಗದ ವಿಶೇಷ. ಬರಲಿದ್ದ 2010ರ ಮೇ ತಿಂಗಳ ಚುನಾವಣೆಯನ್ನೂ ರಾಜಕಾರಣಿಗಳು ಮರೆಯುವಂತಿರಲಿಲ್ಲ. ವಿಧೇಯಕವು ಕಾನೂನಾಗಲಿಲ್ಲ.

ಒಂದು ಹಳೆಯ ಪಾಠ

ಸಂದೇಶದ ಎಣಿಕೆ ಮತ್ತು ಅದರ ಬೆಲೆ ಕುರಿತ ಈ ತಕರಾರು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟನ್ನಿನ ಅಂಚೆಯ ದರವು ಹಾಳೆಗಳ ಸಂಖ್ಯೆಗೂ ದೂರಕ್ಕೂ ಅನುಸಾರವಾಗಿ ಬೀಳುತ್ತಿದ್ದಿತು. ಸಾಮಾನ್ಯವಾಗಿ ಹಣ ಕೊಡಬೇಕಾದವನು ಕಾಗದವನ್ನು ಪಡೆಯುವವನು. ಅಂಚೆಯನ್ನು ಸರ್ಕಾರವು ವರಮಾನದ ಮೂಲವೆಂದೇ ಭಾವಿಸಿದ್ದುದರಿಂದ ಆ ದರವು ವಸ್ತುತಃ ಕರವೇ ಆಗಿದ್ದಿತು. ರೋಲಂಡ್ ಹಿಲ್ ಎಂಬುವರು 1837ರಲ್ಲಿ ಪ್ರಕಟಿಸಿದ ಕಿರುಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದುದೇನೆಂದರೆ, ಲಂಡನ್ನಿನಿಂದ ಎಡಿನ್‌ಬರೊಗೆ ಒಂದು ಕಾಗದವನ್ನು ಸಾಗಿಸಲು ನಿಜವಾಗಿ ತಗಲುವ ಖರ್ಚು ಒಂದು ಪೆನ್ನಿಯ ಮೂವತ್ತಾರನೆಯ ಒಂದು ಭಾಗ ಮಾತ್ರ. ಹೆಚ್ಚಿನ ಖರ್ಚೆಲ್ಲ ಹಾಳೆ ಎಣಿಸುವುದರಲ್ಲಿ, ದರ ಬರೆಯುವುದರಲ್ಲಿ, ಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವುದರಲ್ಲಿ ಆಗುತ್ತಿದ್ದಿತು. 1840ರಲ್ಲಿ ದೇಶವೆಲ್ಲಕ್ಕೂ ಒಂದೇ ಪೆನ್ನಿಯ ದರ ಜಾರಿಗೆ ಬಂದಿತು. 1839ರಲ್ಲಿ ಸುಮಾರು 7 ಕೋಟಿ 60 ಲಕ್ಷವಿದ್ದ ಕಾಗದಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 16 ಕೋಟಿ 90 ಲಕ್ಷಕ್ಕೆ ಏರಿತು.

ಅದಕ್ಕೆ ಮೊದಲು ಬಡವರು ಏನು ಮಾಡುತ್ತಿದ್ದರು? ಲಕೋಟೆಯ ಹೊರಗೇ ಗುಟ್ಟಾದ ಗುರುತೊಂದನ್ನು ಹಾಕಿ ಕಳುಹಿಸುತ್ತಿದ್ದರು. ಪಡೆಯುವವನು ಗುರುತನ್ನು ನೋಡಿ ವಿಷಯ ತಿಳಿದುಕೊಂಡು, ಹಣ ಕೊಡದೆ ಕಾಗದವನ್ನು ಹಿಂದಿರುಗಿಸುತ್ತಿದ್ದನು. ನಮ್ಮ ಕಾಲದ ‘ಮಿಸ್ಡ್ ಕಾಲ್’ ಇದರ ಮೊಮ್ಮಗನೇ ಸರಿ. ಯುಗಾಂಡ ದೇಶದ ಸರ್ಕಾರವು 2018ರ ಜುಲೈ 1ರಿಂದ ವಾಟ್ಸಾಪ್, ಫೇಸ್‌ಬುಕ್ ಮೊದಲಾದವುಗಳ ಬಳಕೆಗೆ ದಿನಕ್ಕೆ 200 ಷಿಲಿಂಗಿನಂತೆ ಕರ ಹಾಕಿದಾಗ, ಅನೇಕರು ತಾವಿರುವ ಸ್ಥಳವನ್ನು ಮರೆಮಾಡುವ ವಿಪಿಎನ್ ತಂತ್ರವನ್ನು ಹಿಡಿದು ಕರದಿಂದ ನುಣುಚಿಕೊಂಡರು. 2021ರಲ್ಲಿ ಸರ್ಕಾರವು ಆ ಕರವನ್ನು ಕೈಬಿಟ್ಟು, ಇಂಟರ್‌ನೆಟ್ಟಿನ ದತ್ತಾಂಶದ ಬೆಲೆಯ ಮೇಲೆ ಶೇಕಡಾ 12ರಂತೆ ಬೇರೊಂದನ್ನು ಹಾಕಿತು. ಸಾಗಣೆಯ ನಿಜವಾದ ಖರ್ಚಿಗೂ ತೆರಬೇಕಾದ ಮೊತ್ತಕ್ಕೂ ಸಂಬಂಧ ತಪ್ಪಿದಾಗಲೆಲ್ಲ ಜನರು ಹೀಗೆಯೇ ಅಡ್ಡದಾರಿಗಳನ್ನು ಹುಡುಕಿಕೊಂಡಿದ್ದಾರೆ.

ಹಂಗೇರಿಯ ಎರಡು ಪ್ರಸಂಗಗಳು

ಹಾಗಾದರೆ ತೂಕವೊಂದೇ ಎಲ್ಲವನ್ನೂ ವಿವರಿಸುವುದೆ? ಬಿಟ್‌ಗಳಿಗೆ ಅನುಸಾರವಾಗಿ ಕರ ಹಾಕಿದರೆ ಜನರು ಒಪ್ಪುವರೆ? ಇದನ್ನು ಪರೀಕ್ಷಿಸಲು ಹಂಗೇರಿ ದೇಶವು ಪ್ರಯೋಗಶಾಲೆಯಂತೆ ಒದಗಿಬರುತ್ತದೆ.

2012ರ ಜುಲೈ 1ರಿಂದ ಹಂಗೇರಿಯಲ್ಲಿ ದೂರವಾಣಿಯ ಕರವೊಂದು ಜಾರಿಗೆ ಬಂದಿತು. ಒಂದು ನಿಮಿಷದ ಮಾತಿಗೆ 2 ಫೊರಿಂಟ್. ಒಂದು ಕಿರುಸಂದೇಶಕ್ಕೂ 2 ಫೊರಿಂಟ್. ಆದರೆ ಒಬ್ಬ ಸಾಮಾನ್ಯ ಚಂದಾದಾರನ ಲೆಕ್ಕದಲ್ಲಿ ತಿಂಗಳಿಗೆ 700 ಫೊರಿಂಟನ್ನು ಮೀರಕೂಡದೆಂಬ ಮಿತಿಯಿದ್ದಿತು. ಎರಡು ವರ್ಷಗಳ ಅನಂತರ, 2014ರ ಅಕ್ಟೋಬರಿನಲ್ಲಿ, ಇಂಟರ್‌ನೆಟ್ಟಿನ ಮೇಲೂ ಕರವನ್ನು ವಿಸ್ತರಿಸುವ ಸೂಚನೆ ಬಂದಿತು: ಒಂದು ಗಿಗಾಬೈಟಿಗೆ 150 ಫೊರಿಂಟ್.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಣ. ಒಂದು ಗಿಗಾಬೈಟ್ ಎಂದರೆ 800 ಕೋಟಿ ಬಿಟ್. ಇದರಲ್ಲಿ ಸುಮಾರು 71 ಲಕ್ಷ ಕಿರುಸಂದೇಶಗಳು ಹಿಡಿಸುತ್ತವೆ. ಅಷ್ಟು ಬಿಟ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಕಳುಹಿಸಿದರೆ ಕರ 150 ಫೊರಿಂಟ್. ಮಾತಾಗಿ ಕಳುಹಿಸಿದರೆ ಸುಮಾರು 20,500 ಫೊರಿಂಟ್. ಕಿರುಸಂದೇಶಗಳಾಗಿ ಕಳುಹಿಸಿದರೆ, ಮಿತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, 1 ಕೋಟಿ 42 ಲಕ್ಷ ಫೊರಿಂಟ್! ತೂಕದ ದೃಷ್ಟಿಯಿಂದ ಇಂಟರ್‌ನೆಟ್ಟಿನ ಕರವು ಅತ್ಯಂತ ಹಗುರವಾದುದು. ಆದರೆ ಆದುದೇನು? 2012ರ ಕರಕ್ಕೆ ಟೀಕೆಗಳು ಬಂದರೂ ಜನಸಮುದಾಯವು ಬೀದಿಗಿಳಿಯಲಿಲ್ಲ. 2014ರ ಅಕ್ಟೋಬರ್ 26ರಂದು ಮತ್ತೆ 28ರಂದು ಬುಡಾಪೆಸ್ಟ್ ನಗರದಲ್ಲಿ ಸಾವಿರ ಸಾವಿರ ಜನರು ನೆರೆದು, ಬೆಳಗುತ್ತಿದ್ದ ಮೊಬೈಲ್ ದೂರವಾಣಿಗಳನ್ನು ಮೇಲೆತ್ತಿ ಹಿಡಿದು ಪ್ರತಿಭಟಿಸಿದರು. ಆಳುವ ಪಕ್ಷದ ಕಚೇರಿಯ ಮುಂದೆ ಹಳೆಯ ಕಂಪ್ಯೂಟರುಗಳ ಭಾಗಗಳು ಬಂದು ಬಿದ್ದವು. ತಿಂಗಳಿಗೆ 700 ಫೊರಿಂಟಿನ ಮಿತಿಯನ್ನು ಇಲ್ಲಿಯೂ ಹಾಕುವುದಾಗಿ ಹೇಳಿದರೂ ಜನರು ಸಮಾಧಾನಗೊಳ್ಳಲಿಲ್ಲ. ಅಕ್ಟೋಬರ್ 31ರಂದು ಪ್ರಧಾನಿ ವಿಕ್ಟರ್ ಒರ್ಬಾನ್ ಆ ಕರವನ್ನು ಆ ರೂಪದಲ್ಲಿ ತರಲಾಗದೆಂದು ಸಾರಿ ಹಿಂದೆಗೆದರು.

ಈ ವಿಚಿತ್ರವನ್ನು ನಾವು ಹೀಗೆ ಅರ್ಥಮಾಡಿಕೊಳ್ಳಬಹುದೆಂದು ತೋರುತ್ತದೆ. ಜನರು ಬಿಟ್‌ಗಳನ್ನು ತೂಗುವುದಿಲ್ಲ. ಎಣಿಕೆ ಎಲ್ಲಿಗೆ ನಿಲ್ಲುವುದೆಂಬುದನ್ನು ನೋಡುತ್ತಾರೆ. 2012ರ ಕರಕ್ಕೆ ಮೊದಲಿನಿಂದಲೇ ಒಂದು ತಡೆಗೋಡೆಯಿದ್ದಿತು. 2014ರದಕ್ಕೆ ಆರಂಭದಲ್ಲಿ ಅದಿರಲಿಲ್ಲ. ತಾನು ಎಷ್ಟು ಸಂದೇಶ ಕಳುಹಿಸಿದೆನೆಂದು ಒಬ್ಬನು ನೆನಪಿನಿಂದಲಾದರೂ ಹೇಳಬಲ್ಲನು. ಎಷ್ಟು ಗಿಗಾಬೈಟ್ ಹರಿಯಿತೆಂದು ಮೀಟರನ್ನು ನೋಡದೆ ಹೇಳಲಾರನು. ವರ್ಷದಿಂದ ವರ್ಷಕ್ಕೆ ಆ ಸಂಖ್ಯೆ ಏರುತ್ತಲೇ ಹೋಗುತ್ತದೆ. ಇದರ ಜೊತೆಗೆ ಓದು, ಸುದ್ದಿ, ಅಭಿಪ್ರಾಯ ಎಲ್ಲವೂ ಅದೇ ತಂತಿಯಲ್ಲಿ ಬರುತ್ತಿರುವುದರಿಂದ, ಮೀಟರನ್ನು ಕೂರಿಸಿದುದು ತನ್ನ ಬುದ್ಧಿಯ ಬಾಗಿಲಿಗೇ ಎಂದು ಅವನಿಗೆ ಅನ್ನಿಸುತ್ತದೆ. ಮಿತಿಯ ಭರವಸೆ ಬಂದ ಮೇಲೂ ಪ್ರತಿಭಟನೆ ನಿಲ್ಲದಿದ್ದುದಕ್ಕೆ ಇದೇ ಕಾರಣವಿರಬೇಕು.

ಕೆಲವು ವೇಳೆ ಕರವು ಕಿಡಿ ಮಾತ್ರ. ಒಣಗಿದ ಹುಲ್ಲು ಬೇರೆಲ್ಲಿಯೋ ರಾಶಿಬಿದ್ದಿರುತ್ತದೆ. 2019ರ ಅಕ್ಟೋಬರ್ 17ರಂದು ಲೆಬನಾನಿನ ಸರ್ಕಾರವು ವಾಟ್ಸಾಪ್ ಮೊದಲಾದವುಗಳ ಮೂಲಕ ಮಾಡುವ ಕರೆಗಳಿಗೆ ದಿನಕ್ಕೆ 20 ಅಮೆರಿಕನ್ ಸೆಂಟುಗಳ ಶುಲ್ಕವನ್ನು ಪ್ರಕಟಿಸಿತು, ಅಂದೇ ಹಿಂತೆಗೆದುಕೊಂಡಿತು. ಆದರೂ ಪ್ರತಿಭಟನೆ ಆರಲಿಲ್ಲ. ಆ ತಿಂಗಳ 29ರಂದು ಪ್ರಧಾನಿ ಸಾದ್ ಹರೀರಿ ರಾಜೀನಾಮೆ ಘೋಷಿಸಿದರು. ಅಲ್ಲಿ ಜನರ ನಿಜವಾದ ಸಿಟ್ಟು ಕುಸಿಯುತ್ತಿದ್ದ ಆರ್ಥಿಕ ಸ್ಥಿತಿಯ ಮೇಲೆ, ಆಳುವವರ ಭ್ರಷ್ಟತೆಯ ಮೇಲೆ. ಸಂದೇಶದ ಕರವನ್ನು ಅಭ್ಯಾಸ ಮಾಡುವವರು ಈ ವ್ಯತ್ಯಾಸವನ್ನೂ ನೆನಪಿನಲ್ಲಿಡಬೇಕು.

ಕನ್ನಡದಲ್ಲಿ ಬರೆದರೆ

ಎಣಿಕೆಯ ಮಾನವು ಎಷ್ಟು ಪಕ್ಷಪಾತಿಯಾಗಬಲ್ಲುದೆಂಬುದಕ್ಕೆ ನಮ್ಮ ನುಡಿಯೇ ಸಾಕ್ಷಿ. ಫಿಲಿಪೈನ್ಸಿನ ಟಗಾಲೊಗ್ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವುದರಿಂದ ಅಲ್ಲಿನವರಿಗೆ ಒಂದು ಸಂದೇಶದಲ್ಲಿ 160 ಅಕ್ಷರಗಳು ದೊರೆಯುತ್ತವೆ. ಕನ್ನಡ ಲಿಪಿಯನ್ನು ಕಳುಹಿಸಲು ಸಾಮಾನ್ಯವಾಗಿ ಒಂದು ಚಿಹ್ನೆಗೆ 16 ಬಿಟ್ ಬಳಸುವ ಯೂನಿಕೋಡ್ ಸಂಕೇತವನ್ನು ಹಿಡಿಯಬೇಕಾಗುತ್ತದೆ. 1,120ನ್ನು 16ರಿಂದ ಭಾಗಿಸಿದರೆ 70. ಇಷ್ಟೇ ಅಲ್ಲ, ಈ ಎಣಿಕೆ ನಾವು ಅಕ್ಷರವೆಂದು ಕರೆಯುವುದರ ಎಣಿಕೆಯೂ ಅಲ್ಲ. ‘ನಮಸ್ಕಾರ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಯಂತ್ರವು ಎಣಿಸುವ ಚಿಹ್ನೆಗಳು ಏಳು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಚಿಹ್ನೆಗಳು.

ಉದ್ದವಾದ ಸಂದೇಶವನ್ನು ತುಂಡುಮಾಡಿ ಕಳುಹಿಸುವಾಗ, ತುಂಡುಗಳನ್ನು ಮತ್ತೆ ಜೋಡಿಸಲು ಬೇಕಾದ ಗುರುತಿಗೂ ಜಾಗ ಹೋಗಿ, ಪ್ರತಿ ತುಂಡಿನಲ್ಲಿ ಉಳಿಯುವುದು 67 ಚಿಹ್ನೆ. ಇಂಗ್ಲಿಷಿನಲ್ಲಿ 160 ಚಿಹ್ನೆಗಳ ಬರಹವು ಒಂದು ಸಂದೇಶ. ಕನ್ನಡದಲ್ಲಿ ಅಷ್ಟೇ ಚಿಹ್ನೆಗಳ ಬರಹವು ಮೂರು ಸಂದೇಶ. ಸಂದೇಶಕ್ಕಿಷ್ಟು ಎಂದು ಕರ ಹಾಕಿದರೆ ತಾಯಿನುಡಿಯಲ್ಲಿ ಬರೆದವನು ಮೂರು ಪಟ್ಟು ತೆರಬೇಕು. ಕಾನೂನನ್ನು ಬರೆದವನಿಗೆ ಇಂತಹ ಉದ್ದೇಶ ಇರಲಾರದು. ಆದರೆ ಮಾನವನ್ನು ಆರಿಸಿದಾಗಲೇ ಅನ್ಯಾಯವು ಅದರೊಳಗೆ ಸೇರಿಕೊಂಡಿರುತ್ತದೆ.

ನಮ್ಮ ದೇಶದಲ್ಲಿ ದೂರವಾಣಿ ಸೇವೆಯ ಮೇಲಿನ ಕರವು ಬೆಲೆಗೆ ಅನುಸಾರವಾದುದು. 2017ರ ಜುಲೈ 1ರಿಂದ ಜಿಎಸ್‌ಟಿ ಶೇಕಡಾ 18. ಕರವೂ ಸೇರಿ 300 ರೂಪಾಯಿಯ ರೀಚಾರ್ಜ್ ಮಾಡಿಸುವ ವಿದ್ಯಾರ್ಥಿಯು ಅದರಲ್ಲಿ ಸುಮಾರು 45 ರೂಪಾಯಿ 76 ಪೈಸೆಯನ್ನು ಕರವಾಗಿ ತೆರುತ್ತಾನೆ. ಆ ಮಾತನ್ನು ಎಷ್ಟು ಮಂದಿ ಯೋಚಿಸುತ್ತಾರೆ? ಇದನ್ನೇ ‘ನೀನು ಕಳುಹಿಸುವ ಪ್ರತಿ ಸಂದೇಶಕ್ಕೆ ಎರಡು ಪೈಸೆ’ ಎಂದು ಬದಲಾಯಿಸಿದರೆ, ಒಟ್ಟು ಮೊತ್ತ ಇದಕ್ಕಿಂತ ಕಡಿಮೆಯಾದರೂ ಅವನ ಬೆರಳು ಪ್ರತಿ ಬಾರಿಯೂ ಒಂದು ಕ್ಷಣ ತಡೆಯುತ್ತದೆ. ‘ಊಟವಾಯಿತೆ?’ ಎಂದು ಮನೆಯವರನ್ನು ಕೇಳುವುದು ಎರಡು ಪೈಸೆಗೆ ತಕ್ಕುದೇ ಎಂಬ ಲೆಕ್ಕಾಚಾರ ಹುಟ್ಟುತ್ತದೆ. ಆ ತಡೆಯೇ ಕರದ ನಿಜವಾದ ಭಾರ. ಅದು ಯಾವ ಬೊಕ್ಕಸಕ್ಕೂ ಜಮೆಯಾಗುವುದಿಲ್ಲ.

ಕರವಿಲ್ಲದೆ ರಾಜ್ಯವು ನಡೆಯದು. ಜನರು ವಿರೋಧಿಸಿದರೆಂಬ ಮಾತ್ರಕ್ಕೆ ಒಂದು ಕರವು ಕೆಟ್ಟದೆಂದು ನಿರ್ಣಯಿಸಲಾಗದು. ಆದರೆ ಫಿಲಿಪೈನ್ಸ್, ಹಂಗೇರಿ ಮೊದಲಾದೆಡೆಗಳಲ್ಲಿ ಎದ್ದ ಕೂಗನ್ನು ಐದು ಸೆಂಟಾವೊವಿಗಾಗಿ ಮಾಡಿದ ರಂಪವೆಂದು ತಳ್ಳಿಹಾಕುವುದೂ ಸರಿಯಲ್ಲ. ಹೊಸದೊಂದು ಕರದ ಸುದ್ದಿ ಬಂದಾಗ ವಿದ್ಯಾವಂತರಾದವರು ‘ಎಷ್ಟು?’ ಎಂದು ಕೇಳಿ ಸುಮ್ಮನಾಗಬಾರದು. ಯಾವ ಮಾನದಿಂದ ಅಳೆಯುತ್ತಾರೆ? ಎಣಿಸುವವರು ಯಾರು, ಎಣಿಕೆ ಎಲ್ಲಿ ನಿಲ್ಲುತ್ತದೆ? ಕೊನೆಗೆ ಭಾರ ಯಾರ ಹೆಗಲಿಗೆ ಬರುತ್ತದೆ? ಈ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಪ್ರಯೋಗಶಾಲೆಯಲ್ಲಿ ಅಳತೆಗೆ ಕೈಹಾಕುವ ಮೊದಲು ಮಾನವನ್ನು ಪರೀಕ್ಷಿಸಲು ಕಲಿತ ವಿದ್ಯಾರ್ಥಿಗೆ ಅದು ಕಷ್ಟವಾಗಲಾರದು.